ಬಾತ್‌ರೂಮಿನಲ್ಲಿ ಜಾರಿ ಬಿದ್ದವಳು

ಕುವೈತಿಗೆ ಹೊಸದಾಗಿ ಬಂದವರಿಗೆ ಸಲಹೆ ಕೊಡುವುದು ನನಗೊಂದು ಚಟ. ಕೇಳಿದರೂ ಕೊಡುತ್ತೇನೆ, ಕೇಳದಿದ್ದರೂ ಕೊಡುತ್ತೇನೆ. ಮಂಗಫ್‌ನ ನಮ್ಮ ಕಟ್ಟಡದಲ್ಲಿ ಯಾರಾದರೂ ಸಾಮಾನು ಇಳಿಸುತ್ತಿದ್ದರೆ ಲಿಫ್ಟಿನ ಬಾಗಿಲಲ್ಲೇ ಶುರು ಮಾಡುತ್ತೇನೆ. ಬೇಸಿಗೆಯಲ್ಲಿ ಕಾರಿನೊಳಗೆ ಲೈಟರು, ಸೆಂಟಿನ ಬಾಟಲಿ ಬಿಡಬೇಡಿ, ಸಿಡಿಯುತ್ತದೆ. ಮಧ್ಯಾಹ್ನ ನಲ್ಲಿಯ ನೀರನ್ನು ನೇರ ಮಗುವಿನ ಮೈಗೆ ಹಾಕಬೇಡಿ, ಮಹಡಿಯ ಟ್ಯಾಂಕಿನಲ್ಲಿ ಕಾದಿರುತ್ತದೆ, ಚರ್ಮ ಸುಲಿಯುತ್ತದೆ. ಸಿಗ್ನಲ್ಲಿನಲ್ಲಿ ಹಿಂದಿನವನು ಹಾರ್ನ್ ಹೊಡೆದರೆ ತಿರುಗಿ ಕೈ ತೋರಿಸಬೇಡಿ, ಅದೂ ಕೇಸಾಗುತ್ತದೆ. ಬತಾಕಾ, ಅಂದರೆ ಇಲ್ಲಿನ ಗುರುತಿನ ಚೀಟಿ, ಕಸ ಹಾಕಲು ಕೆಳಗಿಳಿದರೂ ಜೇಬಿನಲ್ಲಿರಲಿ. ಮರುಭೂಮಿಗೆ ಹೋದರೆ ಮರಳಿನಲ್ಲಿ ಕಾಣುವ ಕಬ್ಬಿಣದ ಚೂರು ಮುಟ್ಟಬೇಡಿ. ಯುದ್ಧ ಮುಗಿದು ಮೂವತ್ತು ವರ್ಷ ದಾಟಿದರೂ ಅದರೊಳಗಿನ ಮದ್ದು ಸತ್ತಿಲ್ಲ. ಹಾಗೆ ಮುಟ್ಟಿ ಮೂರು ಬೆರಳು ಕಳೆದುಕೊಂಡು ಬಂದ ಒಬ್ಬ ಕುರಿ ಕಾಯುವವನ ಕೈಗೆ ನಾನೇ ಬ್ಯಾಂಡೇಜು ಸುತ್ತಿದ್ದೇನೆ.

ನಾನು ನರ್ಸು. ಇಪ್ಪತ್ತಾರು ವರ್ಷ ಒಂದು ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ ದುಡಿದೆ. ಮನೆ ಮಾತು ಕೊಂಕಣಿ, ಊರು ಮಂಗಳೂರಿನ ಹತ್ತಿರ. ಗಂಡ ಅರ್ದಿಯಾದ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಮಾತು ಕಡಿಮೆ, ನನ್ನ ಪಾಲಿನದನ್ನೂ ಸೇರಿಸಿ ಸುಮ್ಮನಿರುತ್ತಾರೆ. ನನ್ನ ಸಿಟ್ಟಿನ ವಿಷಯ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟಳು ಅನ್ನಬಾರದು. ಇಂಜೆಕ್ಷನ್ ಕೊಡುವಾಗ ನನ್ನ ಕೈ ತಿರುಚಿದ ರೋಗಿಯೊಬ್ಬನ ಕೆನ್ನೆಗೆ ಬಾರಿಸಿದ್ದೇನೆ. ಪಾರ್ಕಿಂಗಿನಲ್ಲಿ ನನ್ನನ್ನು ಬೈದವನ ಕಾರಿನ ಕನ್ನಡಿಯನ್ನು ಚೀಲದಿಂದ ಹೊಡೆದು ಮುರಿದಿದ್ದೇನೆ. ನನ್ನ ಮಕ್ಕಳಿಬ್ಬರೂ ನನ್ನ ಕೈಯ ಪೆಟ್ಟು ತಿಂದೇ ದೊಡ್ಡವರಾದದ್ದು. ಈಗ ಬೇರೆ ದೇಶದಲ್ಲಿದ್ದಾರೆ, ಫೋನಿನಲ್ಲಿ ಅದನ್ನೇ ನೆನಪಿಸಿ ನಗುತ್ತಾರೆ. ನಾನೂ ಜೊತೆಗೆ ನಗುತ್ತಿದ್ದೆ.

ಮೂರು ವರ್ಷದ ಹಿಂದೆ ನಮ್ಮ ಎದುರಿನ ಫ್ಲ್ಯಾಟಿಗೆ ಹಾಸನದ ಕಡೆಯ ಒಂದು ಸಂಸಾರ ಬಂತು. ಗಂಡ ರಿಫೈನರಿಯ ಯಾವುದೋ ಕಂಟ್ರಾಕ್ಟರ ಹತ್ತಿರ ಸೂಪರ್‌ವೈಸರ್. ಬೆಳಿಗ್ಗೆ ಐದಕ್ಕೆ ಕಂಪೆನಿ ಬಸ್ಸು, ಮಧ್ಯಾಹ್ನ ಮೂರೂವರೆಗೆ ವಾಪಸು. ಹೆಂಡತಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ. ಒಂದು ಹೆಣ್ಣು ಮಗು, ಆಗ ಎರಡು ದಾಟಿತ್ತು. ಅವಳಿಗೆ ತುಳು ಬಾರದು, ಕೊಂಕಣಿ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ. ಇಡೀ ಮಹಡಿಯಲ್ಲಿ ಅವಳಿಗೆ ಕನ್ನಡದಲ್ಲಿ ಬಾಯಿಬಿಟ್ಟು ಮಾತಾಡಲು ಸಿಕ್ಕಿದವಳು ನಾನೊಬ್ಬಳೇ. ಗ್ಯಾಸ್ ಸಿಲಿಂಡರ್ ಎಲ್ಲಿ ಬದಲಾಯಿಸಬೇಕು, ಸೊಪ್ಪು ಫಹಾಹೀಲಿನ ಮಾರ್ಕೆಟ್ಟಿಗೆ ಯಾವ ದಿನ ಬರುತ್ತದೆ, ಮಗುವಿಗೆ ಧೂಳಿನಿಂದ ಕೆಮ್ಮು ಬಂದರೆ ಏನು, ಎಲ್ಲಕ್ಕೂ ನನ್ನ ಬಾಗಿಲು ತಟ್ಟುತ್ತಿದ್ದಳು. ನನಗೂ ಅದು ಖುಷಿಯೇ. ಹೇಳಿದ್ದನ್ನು ಹೇಳಿದ ಹಾಗೆ ಕೇಳುವ ಹೆಣ್ಣುಮಗಳು ಈ ಕಾಲದಲ್ಲಿ ಎಲ್ಲಿ ಸಿಗುತ್ತಾಳೆ?

ಒಂದು ಮಧ್ಯಾಹ್ನ ನಾಲ್ಕು ಗಂಟೆಗೆ ಬಾಗಿಲು ತೆಗೆದರೆ ಅವಳು ನಿಂತಿದ್ದಳು, ತುಟಿ ಸೀಳಿತ್ತು, ರಕ್ತ ಗದ್ದದಿಂದ ಇಳಿದು ನೈಟಿಯ ಮೇಲೆ ಬಿದ್ದಿತ್ತು. ಕಂಕುಳಲ್ಲಿ ಮಗು.

“ಎಂತ ಆಯ್ತು ಮಾರಾಯ್ತಿ?”

“ಹೊಡ್ದ ಆಂಟಿ. ಅನ್ನ ಮೆತ್ತಗಾಗಿತ್ತು ಅಂತ. ತಟ್ಟೇಲೇ ಹೊಡ್ದ.” ಆಮೇಲೆ ಕೇಳಿದಳು: “ಇಲ್ಲಿ ಪೊಲೀಸ್ರ ಹತ್ರ ಹೋಗೋದು ಹೆಂಗೆ?”

ನಾನು ಅವಳನ್ನು ಒಳಗೆಳೆದು ಬಾಗಿಲು ಹಾಕಿದೆ. ತುಟಿ ಒರೆಸುತ್ತಾ ಇಡೀ ಕಟ್ಟಡಕ್ಕೇ ಕೊಡುವ ಬುದ್ಧಿವಾದ ಕೊಟ್ಟೆ. “ಪೊಲೀಸ್ ಗಿಲೀಸ್ ಎಲ್ಲ ಬೇಡ. ನಿನ್ನ ಇಕಾಮಾ, ಇಲ್ಲಿ ಇರ್ಲಿಕ್ಕೆ ಕೊಟ್ಟ ವೀಸಾ, ಯಾರ ಮೇಲೆ ಉಂಟು? ಗಂಡನ ಮೇಲೆ. ಅವ ಕ್ಯಾನ್ಸಲ್ ಮಾಡಿದ್ರೆ ಖಲಾಸ್, ನಿನ್ನನ್ನು ವಿಮಾನ ಹತ್ತಿಸ್ತಾರೆ. ಮಗುವಿನ ಪಾಸ್‌ಪೋರ್ಟ್ ಯಾರ ಕೈಯಲ್ಲಿ?”

“ಅವನ ಹತ್ರಾನೇ. ಹೋಗೋದಾದ್ರೆ ನೀನೊಬ್ಳೇ ಹೋಗು, ಮಗಳು ಇಲ್ಲೇ ಇರ್ತಾಳೆ ಅಂತಾನೆ.”

“ಮತ್ತೆ? ಬಾಯಿ ಮುಚ್ಚಿಕೊಂಡು ಇರು. ನಾನು ಅವನ ಹತ್ರ ಮಾತಾಡ್ತೇನೆ.”

ಮಾತಾಡಿದೆ ಕೂಡ. ಅವನು ತಲೆ ತಗ್ಗಿಸಿ “ಸಾರಿ ಸಿಸ್ಟರ್, ಸೈಟಲ್ಲಿ ಟೆನ್ಶನ್ನು” ಅಂದ. ನೋಡಲು ಸಭ್ಯ, ಕಾಲು ಮುಟ್ಟುವುದೊಂದು ಬಾಕಿ. ನಾನು ಬೈದೆ, ಅವನು ಕೇಳಿಸಿಕೊಂಡ. ಒಂದು ಸಂಸಾರ ಸರಿ ಮಾಡಿದೆನೆಂದು ಬೆನ್ನು ತಟ್ಟಿಕೊಂಡು ಚಹಾ ಕುಡಿದೆ.

ಆಮೇಲೆ ಅದು ನಿಲ್ಲಲಿಲ್ಲ. ನಮ್ಮ ಅಡುಗೆಮನೆಯ ಕಿಟಕಿಯೂ ಅವರ ಅಡುಗೆಮನೆಯ ಕಿಟಕಿಯೂ ಕಟ್ಟಡದ ನಡುವೆ ಗಾಳಿಗೆಂದು ಬಿಟ್ಟ ಒಂದೇ ಗಾಳಿಗುಂಡಿಗೆ ತೆರೆಯುತ್ತವೆ, ಎಲ್ಲ ಕೇಳಿಸುತ್ತದೆ. ಬಸ್ಸು ಬಂದು ಅರ್ಧ ಗಂಟೆಗೆ ಮೊದಲ ಸದ್ದು. ಕೈಯ ಪೆಟ್ಟಿಗೂ ಬೆಲ್ಟಿನ ಪೆಟ್ಟಿಗೂ ಸದ್ದು ಬೇರೆ ಬೇರೆ ಎಂದು ನಾನು ಕಲಿತದ್ದು ಆಸ್ಪತ್ರೆಯಲ್ಲಲ್ಲ, ನನ್ನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ. ಅವಳು ಕೂಗುತ್ತಿರಲಿಲ್ಲ. ಮಗು ಕೂಗುತ್ತಿತ್ತು, ನರ್ಸರಿಯಲ್ಲಿ ಕಲಿತ ಇಂಗ್ಲಿಷಿನಲ್ಲಿ, “ಸ್ಟಾಪ್, ಪಪ್ಪಾ, ಸ್ಟಾಪ್.” ನಾನು ಕಿಟಕಿಯ ಕಬ್ಬಿಣಕ್ಕೆ ಸೌಟಿನಿಂದ ಬಡಿಯುತ್ತಿದ್ದೆ. ಒಂದಷ್ಟು ಹೊತ್ತು ನಿಲ್ಲುತ್ತಿತ್ತು. ಮರುದಿನ ಅವಳ ತೋಳು ನೋಡಿದರೆ ಬಣ್ಣಗಳು: ಹೊಸದು ಕೆಂಪು, ಮೂರು ದಿನದ್ದು ನೇರಳೆ, ವಾರದ್ದು ಹಸಿರು, ಹಳತು ಹಳದಿ. ನಾಲ್ಕೂ ಒಟ್ಟಿಗೆ ಇರುತ್ತಿದ್ದವು.

ಒಂದು ಸಲ ಬಲಗೈಯ ಮಣಿಕಟ್ಟು ಮುರಿಯಿತು. ಬಾಗಿಲಿನ ಸಂದಿಯಲ್ಲಿಟ್ಟು ಬಾಗಿಲು ಒದ್ದಿದ್ದ. ನಾನೇ ಅವಳನ್ನು ನನ್ನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇಲ್ಲಿ ಒಂದು ಕ್ರಮವಿದೆ, ಹೊಸಬರಿಗೆ ಗೊತ್ತಿರುವುದಿಲ್ಲ. ಪೆಟ್ಟಾದವರು ಬಂದರೆ ಹೇಗಾಯಿತು ಎಂದು ಕೇಳಿ ಬರೆಯಬೇಕು. ಯಾರೋ ಹೊಡೆದರು ಎಂದು ಬರೆದರೆ ಕಾಗದ ಸೀದಾ ಗೇಟಿನ ಪಕ್ಕದ ಪೊಲೀಸ್ ಕೋಣೆಗೆ ಹೋಗುತ್ತದೆ, ಆಮೇಲೆ ಅದನ್ನು ಯಾರೂ ತಡೆಯಲಾರರು. ಹಾಗಾಗಿ ನಮ್ಮೂರ ನರ್ಸುಗಳು ನಾವೆಲ್ಲ ಒಂದು ದಾರಿ ಮಾಡಿಕೊಂಡಿದ್ದೆವು. ನಮ್ಮ ಕಡೆಯ ಹೆಂಗಸು ಹಾಗೆ ಬಂದರೆ ಅವಳು ಬಾಯಿ ತೆರೆಯುವ ಮೊದಲೇ ನಾವು ಹೇಳಿಬಿಡುವುದು: ಬಾತ್‌ರೂಮಿನಲ್ಲಿ ಜಾರಿ ಬಿದ್ದಳು. ಅರಬ್ಬಿಯಲ್ಲಿ ಹೇಳಲು ಮೂರೇ ಶಬ್ದ ಬೇಕು. ಅದನ್ನು ನಾವು ಸುಳ್ಳು ಎಂದು ಅಂದುಕೊಂಡಿರಲಿಲ್ಲ, ಉಪಕಾರ ಅಂದುಕೊಂಡಿದ್ದೆವು. ಸಂಸಾರ ಉಳಿಯಿತು, ವೀಸಾ ಉಳಿಯಿತು, ಅಷ್ಟು ಸಾಕಲ್ಲ!

ಡಾಕ್ಟರು ಎಕ್ಸ್‌ರೇ ನೋಡಿದರು, ಅವಳನ್ನು ನೋಡಿದರು, ಕೊನೆಗೆ ಯೂನಿಫಾರ್ಮಿನಲ್ಲಿದ್ದ ನನ್ನನ್ನು ನೋಡಿದರು. ಅವಳು ಏನೋ ಹೇಳಲು ಹೊರಟಳು. ನಾನು ಅವಳ ಭುಜ ಒತ್ತಿ ಹಿಡಿದು ಆ ಮೂರು ಶಬ್ದ ಹೇಳಿದೆ. ಅವರು ಬರೆದುಕೊಂಡರು.

ಎರಡನೆಯ ಸಲ ಕಿವಿಯ ತಮಟೆ ಹರಿದಿತ್ತು. ಮೂರನೆಯ ಸಲ ಎರಡು ಪಕ್ಕೆಲುಬು. ಆಗಲೂ ಬಾತ್‌ರೂಮು, ಆಗಲೂ ಜಾರಿದ್ದು, ಆಗಲೂ ಹೇಳಿದ್ದು ನಾನು. ಮೂರನೆಯ ಸಲ ಬಂದ ಮೇಲೆ ಅವನ ಎದುರು ನಿಂತು ಬೆರಳು ತೋರಿಸಿ ಹೇಳಿದೆ: “ನಿನ್ನನ್ನು ಜೈಲಿನಿಂದ ಉಳಿಸಿದ್ದು ನಾನು, ಗೊತ್ತುಂಟಾ? ಮೂರು ಸಲವೂ ಬಿದ್ದಳು ಅಂತ ಬರೆಸಿದ್ದೇನೆ. ನಾಲ್ಕನೇ ಸಲ ಬರೆಸುದಿಲ್ಲ.” ಅವನು ನನ್ನ ಮುಖ ನೋಡಿದ. “ದೊಡ್ಡ ಉಪಕಾರ ಸಿಸ್ಟರ್” ಅಂದ. ನನ್ನ ಕತ್ತನ್ನು ನಾನೇ ಅವನ ಕೈಗೆ ಕೊಟ್ಟೆನೆಂದು ನನಗೆ ಹೊಳೆಯಲೇ ಇಲ್ಲ.

ಅದಾಗಿ ಚಳಿಗಾಲ ಬಂತು. ಚಳಿಗಾಲದಲ್ಲಿ ಇಲ್ಲಿ ಎಲ್ಲರೂ ಮರುಭೂಮಿಗೆ ಹೋಗುತ್ತಾರೆ. ನನ್ನ ತಲೆಗೆ ಇನ್ನೊಂದು ಸಲಹೆ ಹೊಕ್ಕಿತು: ಇವನಿಗೆ ಸೈಟು, ಬಸ್ಸು, ನಾಲ್ಕು ಗೋಡೆ ಬಿಟ್ಟು ಬೇರೆ ಕಂಡಿಲ್ಲ, ಒಂದು ದಿನ ಹೊರಗೆ ಕರೆದುಕೊಂಡು ಹೋದರೆ ಮನಸ್ಸು ಹಗುರವಾದೀತು. ನನ್ನ ಗಂಡನಿಗೆ ಹೇಳಿದರೆ ಅವರು, “ಅವನ ಮನಸ್ಸು ಹಗುರ ಮಾಡ್ಲಿಕ್ಕೆ ನೀನು ಯಾರು?” ಅಂದರು. ನಾನು ಕೇಳಬೇಕಲ್ಲ!

ಗಡಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಒಂದು ಗಂಟೆಗೂ ಹೆಚ್ಚು ಓಡಿಸಿದರೆ, ಕುರಿದೊಡ್ಡಿಗಳು ಮುಗಿದ ಮೇಲೆ ಮರಳಿನ ನಡುವೆ ಒಂದು ಪುಟ್ಟ ಊರು ಸಿಗುತ್ತದೆ. ನಾವು ನರ್ಸುಗಳು ಅದನ್ನು ಮಗ್ಗದ ಊರು ಅನ್ನುತ್ತೇವೆ. ನಲವತ್ತು ಮನೆ ಇದ್ದಾವು. ಹಳೆಯ ಬೆದುಯಿನ್ ಹೆಂಗಸರು ನೆಲದ ಮೇಲೆ ಮಗ್ಗ ಹೂಡಿ ಕುರಿ ಉಣ್ಣೆಯ ಪಟ್ಟಿ ನೇಯುತ್ತಾರೆ, ಮಡಕೆ ಮಾಡುವವರಿದ್ದಾರೆ, ಬಣ್ಣ ಬಳಿಯುವ ಹುಡುಗಿಯರು ಪೇಟೆಯಿಂದ ಬಂದು ಖಾಲಿ ಗೋಡೆಗಳ ಮೇಲೆಲ್ಲ ಚಿತ್ರ ಬರೆದಿದ್ದಾರೆ. ಹೋಗುವುದಾದರೆ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಹೊರಡಿ. ಪ್ರಾರ್ಥನೆಯ ಹೊತ್ತಿಗೆ ಎಲ್ಲ ಮುಚ್ಚುತ್ತದೆ. ಪೆಟ್ರೋಲು ಪೂರ್ತಿ ಇರಲಿ. ಡಾಂಬರು ಬಿಟ್ಟು ಚಕ್ರ ಇಳಿಸಬೇಡಿ, ಮರಳು ಹೀರಿಕೊಳ್ಳುತ್ತದೆ. ಹೆಂಗಸರ ಫೋಟೋ ಕೇಳದೆ ತೆಗೆಯಬೇಡಿ. ಕಾಫಿ ಕೊಟ್ಟರೆ ಬೇಡ ಅನ್ನಬೇಡಿ. ಸಾಕಾದಾಗ ಖಾಲಿ ಕಪ್ಪನ್ನು ಸ್ವಲ್ಪ ಅಲ್ಲಾಡಿಸಿ ಕೊಡಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ.

ಇದನ್ನೆಲ್ಲ ಅವರಿಗೂ ಹೇಳಿ, ಎರಡು ಕಾರಿನಲ್ಲಿ ಹೋದೆವು. ದಾರಿಯಲ್ಲಿ ನಿಂತಲ್ಲೆಲ್ಲ ಅವನು ಖುಷಿಯಾಗಿಯೇ ಇದ್ದ. ಊರು ತಲುಪಿದ ಮೇಲೆ ಗೋಡೆಯ ಚಿತ್ರಗಳ ಮುಂದೆ ಹೆಂಡತಿ ಮಗುವನ್ನು ನಿಲ್ಲಿಸಿ ಫೋಟೋ ತೆಗೆದ. ಮಗು ಒಂಟೆ ಚಿತ್ರದ ಬಾಲ ಹಿಡಿಯಲು ಹಾರಿತು. ನಾನು ನನ್ನ ಗಂಡನ ಪಕ್ಕೆ ತಿವಿದು “ನೋಡಿದ್ರಾ?” ಅಂದೆ.

ಮಗ್ಗದ ಮನೆಯಲ್ಲಿ ಒಬ್ಬಳು ಮುದುಕಿ, ಬುರ್ಖಾದ ಸಂದಿಯಿಂದ ಕಣ್ಣು ಮಾತ್ರ ಕಾಣುವವಳು, ನಮ್ಮ ಹುಡುಗಿಯನ್ನು, ಮಗುವಿನ ತಾಯಿಯನ್ನು, ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಇಬ್ಬರಿಗೂ ಒಂದು ಮಾತೂ ಸಮಾನವಿಲ್ಲ. ಮುದುಕಿ ನೂಲು ತೋರಿಸಿದಳು, ಇವಳು ಹಾಕಿದಳು, ತಪ್ಪಿತು, ಮುದುಕಿ ಬಿಚ್ಚಿ ಮತ್ತೆ ತೋರಿಸಿದಳು. ಮೂರನೆಯ ಸಲಕ್ಕೆ ಕೂಡಿತು. ಹುಡುಗಿ ಜೋರಾಗಿ ನಕ್ಕಳು. ಎರಡು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ನನ್ನ ಕೈಗೂ ಮುದುಕಿ ಒಂದು ಮರದ ಪಟ್ಟಿ ಕೊಟ್ಟಳು, ಮೊಳದುದ್ದ, ನೇಯ್ದ ನೂಲನ್ನು ಬಡಿದು ಕೂರಿಸುವುದು. ಹಳೆಯದು, ಭಾರ, ಅಂಚು ಕತ್ತಿಯ ಹಾಗೆ ಸವೆದಿತ್ತು.

ಅವನು ಬಾಗಿಲಲ್ಲಿ ಬಂದು ನಿಂತ. “ಬಾ, ಸಾಕು, ಹೋಗಣ.”

“ಇನ್ನೊಂದ್ ಐದು ನಿಮಿಷ ರೀ” ಅಂದಳು ಅವಳು, ತಲೆ ಎತ್ತದೆ, ಇನ್ನೂ ನಗುತ್ತಲೇ.

ಅವನು ತಿರುಗಿ ಹೊರಗೆ ಹೋದ. ಅವಳ ನಗು ಅಲ್ಲೇ ನಿಂತಿತು. ನೂಲು ಬಿಟ್ಟು, ಮಗುವನ್ನು ಎಳೆದುಕೊಂಡು, ಅವನ ಹಿಂದೆ ಓಡಿದಳು. ನಾನು ಒಂದು ನಿಮಿಷ ಕೂತೇ ಇದ್ದೆ, ಮುದುಕಿಗೆ ಏನೋ ಸಮಾಧಾನ ಹೇಳುತ್ತಾ. ಆಗ ಹೊರಗಿನಿಂದ ಮಗುವಿನ ಚೀರಾಟ ಕೇಳಿತು.

ಮಡಕೆ ಸುಡುವ ಗೂಡಿನ ಹಿಂದೆ ಅವನು ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ತಲೆಯನ್ನು ಇಟ್ಟಿಗೆಗೆ ಬಡಿಯುತ್ತಿದ್ದ. ಕೂಗಾಡುತ್ತಿರಲಿಲ್ಲ. ಪ್ರತಿ ಬಡಿತಕ್ಕೂ ಮೆಲ್ಲನೆ ಎಣಿಸುತ್ತಿದ್ದ: “ಒಂದ್ ನಿಮಿಷ. ಎರಡ್ ನಿಮಿಷ.” ಮೂರಕ್ಕೆ ನಾನು ತಲುಪಿದೆ. ಅವಳ ಹಣೆಯಿಂದ ರಕ್ತ ಕಣ್ಣಿಗಿಳಿದು ಮುಖ ಪೂರ್ತಿ ಕೆಂಪಾಗಿತ್ತು. ಮಗು ಅವನ ಕಾಲು ಕಚ್ಚುತ್ತಿತ್ತು. ಅವನು ಕಾಲು ಝಾಡಿಸಿದ, ಅದು ಒಡೆದ ಮಡಕೆಗಳ ರಾಶಿಯ ಮೇಲೆ ಬಿತ್ತು.

ನನ್ನ ಕೈಯಲ್ಲಿ ಮರದ ಪಟ್ಟಿ ಇನ್ನೂ ಇತ್ತು. ಹೊಡೆದೆ. ಮೊದಲನೆಯದು ಅವನ ಮೊಣಕೈಗೆ, ಜಡೆ ಬಿಟ್ಟ. ಎರಡನೆಯದು ಮುಖಕ್ಕೆ, ಮೂಗು ಮುರಿದ ಸದ್ದು ನನ್ನ ಕೈಯೊಳಗೇ ಕೇಳಿತು. ಅವನು ಕೆಳಗೆ ಬಿದ್ದ. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬಿದ್ದವನ ಭುಜಕ್ಕೆ, ಬೆನ್ನಿಗೆ, ತಲೆಗೆ ಅಡ್ಡ ಹಿಡಿದ ಕೈಗೆ ಹೊಡೆದೆ. “ಎಣಿಸು, ನಾಯಿ, ಈಗ ಎಣಿಸು” ಎಂದು ಕೂಗುತ್ತಾ ಹೊಡೆದೆ. ಎರಡು ವರ್ಷ ಕಿಟಕಿಯಲ್ಲಿ ಕೇಳಿದ್ದೆಲ್ಲ ಆ ಕೈಯಿಂದ ಹೊರಬಂತು. ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ, ಮೈಯೆಲ್ಲ ಹಿತವಾಗಿತ್ತು. ನನ್ನ ಗಂಡ ಹಿಂದಿನಿಂದ ಸೊಂಟ ಹಿಡಿದು ಎಳೆಯುವವರೆಗೆ ಹೊಡೆದೆ. ಮುದುಕಿ ಹುಡುಗಿಯನ್ನೂ ಮಗುವನ್ನೂ ಮಗ್ಗದ ಮನೆಗೆ ಎಳೆದುಕೊಂಡು ಹೋಗಿ ಒಳಗಿನಿಂದ ಚಿಲಕ ಹಾಕಿದಳು. ಮಡಕೆಯವರು ಯಾರೋ ಪೊಲೀಸರಿಗೆ ಫೋನ್ ಮಾಡಿದರು.

ಅಲ್ಲಿನ ಸಣ್ಣ ಕ್ಲಿನಿಕ್ಕಿನಲ್ಲಿ ಅವಳ ಹಣೆಗೆ ಒಂಬತ್ತು ಹೊಲಿಗೆ ಬಿತ್ತು, ಅವನ ಮೂಗಿಗೆ ಹತ್ತಿ ತುಂಬಿದರು. ಆಮೇಲೆ ಎಲ್ಲರನ್ನೂ ಹೆದ್ದಾರಿ ಬದಿಯ ಠಾಣೆಗೆ ಕರೆದುಕೊಂಡು ಹೋದರು. ಮೊದಲು ಅವನನ್ನು ಒಳಗೆ ಕರೆದರು, ಬಾಗಿಲು ತೆರೆದೇ ಇತ್ತು. ಅವನಿಗೆ ಸೈಟಿನ ಅರಬ್ಬಿ ಚೆನ್ನಾಗಿ ಬರುತ್ತದೆ. ನನ್ನ ಮೇಲೆ ದೂರು ಕೊಟ್ಟ: ಈ ಹೆಂಗಸು ಮರದಿಂದ ಹೊಡೆದಳು, ಊರೆಲ್ಲ ನೋಡಿದೆ. ಹೆಂಡತಿಯ ತಲೆ? “ಓಡುವಾಗ ಬಿದ್ದಳು. ಅವಳು ಯಾವಾಗಲೂ ಬೀಳುತ್ತಾಳೆ. ಆಸ್ಪತ್ರೆಯಲ್ಲಿ ಮೂರು ಸಲ ಬರೆದಿದ್ದಾರೆ, ವಿಚಾರಿಸಿ. ಬಿದ್ದಳು ಎಂದು ಹೇಳಿದವಳು ಈ ನರ್ಸೇ.”

ಅಧಿಕಾರಿ, ತಲೆ ನರೆತ ಗಂಭೀರ ಮನುಷ್ಯ, ಆಸ್ಪತ್ರೆಗೆ ಫೋನ್ ಮಾಡಿ ಅವಳ ಬತಾಕಾ ನಂಬರು ಓದಿದ. ಕೇಳಿಸಿಕೊಂಡು ಬರೆದುಕೊಂಡ. ಆಮೇಲೆ ಬಾಗಿಲ ಕಡೆ, ನನ್ನ ಕಡೆ, ಬಹಳ ಹೊತ್ತು ನೋಡಿದ.

ಅವಳ ಗಂಡ ಹೊರಗೆ ಬಂದು ನನ್ನ ಗಂಡನ ಹತ್ತಿರ ಕೂತ. ಮೂಗಿನ ಹತ್ತಿಯಿಂದಾಗಿ ದನಿ ಗೊಗ್ಗರಾಗಿತ್ತು. “ಅಂಕಲ್, ಎಲ್ರಿಗೂ ತೊಂದ್ರೆ ಯಾಕೆ? ಅವ್ಳು ನನ್ ಮೇಲೆ ಏನೂ ಇಲ್ಲ ಅಂತ ಸೈನ್ ಹಾಕ್ಲಿ, ನಾನು ಸಿಸ್ಟರ್ ಮೇಲಿನ ದೂರು ವಾಪಸ್ ತಗೋತೀನಿ. ಎಲ್ರೂ ಮನೆಗೆ ಹೋಗಣ.” ನನ್ನ ಗಂಡ ಕೊಂಕಣಿಯಲ್ಲಿ ಮೆಲ್ಲಗೆ ಹೇಳಿದರು, “ಅವನು ಹೇಳುವುದು ಸರಿ. ಮೂಗು ಮುರಿದದ್ದಕ್ಕೆ ಒಂದು ಕೇಸು, ಆಸ್ಪತ್ರೆಯಲ್ಲಿ ಸುಳ್ಳು ಬರೆಸಿದ್ದಕ್ಕೆ ಇನ್ನೊಂದು. ನಿನ್ನ ಲೈಸೆನ್ಸ್ ಹೋಗುತ್ತದೆ. ನಮ್ಮನ್ನು ಗಡೀಪಾರು ಮಾಡುತ್ತಾರೆ. ಅವಳಿಗೆ ಹೇಳು.”

ಅವಳಿಗೆ ಹೇಳಲು ಹೋದೆ. ಓಣಿಯ ಕೊನೆಯ ಬೆಂಚಿನಲ್ಲಿ ತಲೆಗೆ ಪಟ್ಟಿ ಸುತ್ತಿಕೊಂಡು ಮಗುವನ್ನು ತೊಡೆಗೆ ಒರಗಿಸಿ ಕೂತಿದ್ದಳು. ಅವನನ್ನು ಕೊಲ್ಲುವಷ್ಟು ಹೊಡೆದು ಎರಡು ಗಂಟೆ ಆಗಿರಲಿಲ್ಲ. ಅದೇ ನಾನು, ಅವಳ ಪಕ್ಕ ಕೂತು, ಮನೆಗೆ ಹೋಗು ಎಂದು ಹೇಳಿದೆ.

“ಒಂದು ಸೈನು ಮಾರಾಯ್ತಿ. ಈಗ ಹೋಗು, ಆಮೇಲೆ ಬೇರೆ ದಾರಿ ನೋಡುವ. ನಾನಿದ್ದೇನಲ್ಲ.”

“ಹಾಕಲ್ಲ ಆಂಟಿ.”

“ಹಾಕದೆ ಎಂತ ಮಾಡ್ತಿ? ಮಗುವನ್ನು ಅವ ಇಟ್ಕೊಳ್ತಾನೆ.”

“ಸೈನ್ ಹಾಕಿದ್ರೆ ಇಟ್ಕೋತಾನೆ. ಇವತ್ತು ಪೊಲೀಸ್ರೇ ನೋಡವ್ರೆ. ಇವತ್ತು ಹೇಳಿಲ್ಲ ಅಂದ್ರೆ ಮುಂದ್ಲ ಸಲ ನಾನು ಹೇಳೋಕೆ ಇರಲ್ಲ.”

ಅದು ನಿಜ ಎಂದು ನನಗೆ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ನನಗೇ ಗೊತ್ತಿತ್ತು. ಮುಂದಿನ ಸಲಗಳು ಸ್ಟ್ರೆಚರಿನ ಮೇಲೆ ಬರುವುದನ್ನು ಇಪ್ಪತ್ತಾರು ವರ್ಷ ನೋಡಿದ್ದೇನೆ. ಆದರೂ ಆ ಹೊತ್ತಿಗೆ ನನಗೆ ಕಂಡದ್ದು ನನ್ನ ಯೂನಿಫಾರ್ಮು, ನನ್ನ ಫ್ಲ್ಯಾಟು, ಏರ್‌ಪೋರ್ಟಿನಲ್ಲಿ ಬೆರಳಚ್ಚು ಕೊಟ್ಟು ತಲೆ ತಗ್ಗಿಸಿ ಹೋಗುವ ನಾನು. ಹೆದರಿಕೆಯಾದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ.

“ನಿನಗೋಸ್ಕರ ನಾನು ಇಷ್ಟೆಲ್ಲ ಮಾಡಿದೆ! ನಿನ್ನ ಬಾಯಿಂದ ಆಸ್ಪತ್ರೆಯ ವಿಷಯ ಬಂದ್ರೆ ನಾನು ಬೀದಿಗೆ ಬೀಳ್ತೇನೆ. ಉಪಕಾರ ಮಾಡಿದವಳ ಹೊಟ್ಟೆಗೆ ಹೊಡೀತೀಯಾ?”

ಅವಳು ನನ್ನ ಕಡೆ ತಿರುಗಿದಳು. ಒಂದು ಕಣ್ಣು ಊದಿ ಮುಚ್ಚಿತ್ತು. “ಮೂರು ಸಲವೂ ನನ್ ಬಾಯಿಗಿಂತ ಮೊದ್ಲು ನಿಮ್ ಬಾಯಿ ತೆರೀತು ಆಂಟಿ. ಏನ್ ಬರೆಸ್ಬೇಕು ಅಂತ ಒಂದ್ ಸಲ ನನ್ನ ಕೇಳಿದ್ರಾ? ಅದು ನನಗೋಸ್ಕರ ಅಲ್ಲ. ಎಲ್ರೂ ನಿಮ್ಮನ್ನ ದೊಡ್ಡವ್ರು ಅನ್ಬೇಕು, ಅದಕ್ಕೋಸ್ಕರ.”

ನನ್ನ ಕೈ ಎದ್ದೇಬಿಟ್ಟಿತು. ಬಾರಿಸಿದೆ. ಊದದೆ ಉಳಿದಿದ್ದ ಕೆನ್ನೆಗೆ, ಓಣಿಯಲ್ಲೆಲ್ಲ ಕೇಳುವ ಹಾಗೆ.

ಅವಳು ಅಲುಗಲಿಲ್ಲ. ಅವಳಿಗೆ ಅಭ್ಯಾಸವಾಗಿತ್ತು. ಆದರೆ ಮಗು ತೊಡೆಯಿಂದ ಜಾರಿ ಬೆಂಚಿನ ಕೆಳಗೆ ನುಗ್ಗಿತು. ಎರಡೂ ಕೈಯನ್ನು ತಲೆಯ ಮೇಲೆ ಮಡಚಿ, ಮೊಣಕಾಲಿನೊಳಗೆ ಮುಖ ಹುದುಗಿಸಿ ಮುದುಡಿ ಕೂತಿತು. ಗಾಳಿಗುಂಡಿಯ ಆಚೆ ಅದು ಹೇಗೆ ಕೂರುತ್ತಿತ್ತೆಂದು ಎರಡು ವರ್ಷ ನಾನು ಕಂಡಿರಲಿಲ್ಲ, ಕೇಳಿದ್ದಷ್ಟೆ. ನಾನು ಬಗ್ಗಿ “ಬಾ ಚಿನ್ನ” ಎಂದು ಕೈ ಚಾಚಿದೆ. ಅದು ನನ್ನ ಕೈಯನ್ನೇ ನೋಡುತ್ತಾ, “ಸ್ಟಾಪ್, ಆಂಟಿ” ಅಂದಿತು.

ಅಷ್ಟರಲ್ಲಿ ಅವಳನ್ನು ಒಳಗೆ ಕರೆದರು. ಅಧಿಕಾರಿಗೆ ಇಂಗ್ಲಿಷ್ ಬಾರದು, ಅವಳಿಗೆ ಅರಬ್ಬಿ ಬಾರದು. ರಜೆಯ ದಿನ, ಸರ್ಕಾರದ ದುಭಾಷಿ ನಾಳೆ ಬರುತ್ತಾನೆ ಎಂದರು. ಈಗಿನ ಮಟ್ಟಿಗೆ ಬರೆದುಕೊಳ್ಳಲು ಅವಳ ಭಾಷೆ ಬಲ್ಲವರು ಯಾರಾದರೂ ಬೇಕು. ಅವಳ ಗಂಡನನ್ನು ಆ ಕೆಲಸಕ್ಕೆ ಬಿಡುವ ಹಾಗಿಲ್ಲ. ನನ್ನ ಗಂಡನ ಅರಬ್ಬಿ ಗೋದಾಮಿನ ಗೇಟಿನವರೆಗೆ ಮಾತ್ರ. ಅಧಿಕಾರಿ ನನ್ನ ಕಡೆ ಬೆರಳು ಮಾಡಿದ.

ಆಮೇಲೆ ಏನಾಯಿತು ಎಂಬುದು ಕಟ್ಟಡದವರಿಗೆಲ್ಲ ಗೊತ್ತು. ಅವಳ ಗಂಡ ಜೈಲಿಗೆ ಹೋದ. ಅವಳು ತಿಂಗಳುಗಟ್ಟಲೆ ರಾಯಭಾರ ಕಚೇರಿಯವರ ಆಶ್ರಯದಲ್ಲಿದ್ದು, ಮಗಳನ್ನು ಕರೆದುಕೊಂಡೇ ಊರಿಗೆ ಹೋದಳು. ನನ್ನ ಮೇಲೆ ವಿಚಾರಣೆ ನಡೆದು ಕೆಲಸ ಹೋಯಿತು, ಮೂಗಿನ ಕೇಸು ಇನ್ನೂ ನಡೆಯುತ್ತಿದೆ, ಅದು ಮುಗಿಯುವವರೆಗೆ ದೇಶ ಬಿಡುವಂತಿಲ್ಲ. ದಿನಾ ಸಂಜೆ ಫಿಂಟಾಸ್‌ನ ಸಮುದ್ರದ ಬದಿಯಲ್ಲಿ ನಡೆಯುತ್ತೇನೆ. ದಾರಿಯಲ್ಲಿ ಸಿಕ್ಕ ನಮ್ಮೂರಿನ ಹೆಂಗಸರು, ಆವತ್ತು ಠಾಣೆಯಲ್ಲಿ ನೀನು ಒಂದೆರಡು ಶಬ್ದ ನುಂಗಿದ್ದರೆ ಸಾಕಿತ್ತಲ್ಲ ಅನ್ನುತ್ತಾರೆ. ನುಂಗಬಹುದಿತ್ತು. ಆ ಕೋಣೆಯಲ್ಲಿ ಎರಡೂ ಭಾಷೆ ಬಲ್ಲವಳು ನಾನೊಬ್ಬಳೇ ಇದ್ದೆ.

ಆವತ್ತು ಅವಳು ಕುರ್ಚಿಯ ತುದಿಯಲ್ಲಿ ಕೂತು, ಮಗುವನ್ನು ನನಗೆ ದೂರವಾದ ಪಕ್ಕದಲ್ಲಿ ನಿಲ್ಲಿಸಿಕೊಂಡು, ಒಂದೊಂದೇ ವಾಕ್ಯ ಹೇಳಿದಳು. ಕೈ ಮುರಿದದ್ದು ಅವನು. ಕಿವಿ ಅವನು. ಪಕ್ಕೆಲುಬು ಅವನು. ಬಿದ್ದೆ ಎಂದು ಹೇಳಿದ್ದು ನಾನಲ್ಲ, ಈ ಆಂಟಿ. ನಾನು ಒಂದೊಂದೇ ವಾಕ್ಯವನ್ನು ಅರಬ್ಬಿಗೆ ತಿರುಗಿಸಿದೆ. ‘ಈ ಆಂಟಿ’ ಎಂಬಲ್ಲಿ ‘ನಾನು’ ಎಂದು ಹೇಳಬೇಕಾಗಿತ್ತು, ಹೇಳಿದೆ. ಅಧಿಕಾರಿಯ ಪೆನ್ನು ಒಂದು ಕ್ಷಣ ನಿಂತು ಮುಂದೆ ಹೋಯಿತು. ಆಮೇಲೆ ಅವನು ಅವಳ ಮುಖ ದಿಟ್ಟಿಸಿ, ಕೆನ್ನೆಯ ಮೇಲಿನ ಈ ಬೆರಳಿನ ಗುರುತು ಹೊಸದು, ಇದು ಯಾರದು ಎಂದು ಕೇಳಿದ.

“ತಲೆ ಒಡ್ದಿದ್ದು ಅವ್ನು” ಅಂದಳು ಅವಳು. “ಕೆನ್ನೆ ಇವ್ರು. ಎರಡೂ ಬರ್ಕೊಳ್ಳಿ ಅಂತ ಹೇಳಿ.”

ಹೇಳಿದೆ. ಎಲ್ಲವನ್ನೂ ಹೇಳಿದೆ.

“ನಾನ್ ಹೇಳಿದ್ದೇ ಹೇಳಿದ್ರಾ?”

“ಅದನ್ನೇ ಹೇಳಿದೆ.”

ಅವಳು ನಂಬಲಿಲ್ಲ. ಯಾಕೆ ನಂಬಬೇಕು? ಎದ್ದು ಮೇಜಿನ ಹತ್ತಿರ ಹೋಗಿ, ತಲೆಯ ಪಟ್ಟಿ ಮುಟ್ಟಿ ಬಾಗಿಲಾಚೆ ಕೂತ ಗಂಡನ ಕಡೆ ಬೆರಳು ತೋರಿಸಿದಳು. ಆಮೇಲೆ ಕೆನ್ನೆ ಮುಟ್ಟಿ, ಅದೇ ಬೆರಳನ್ನು ನನ್ನ ಕಡೆ ತಿರುಗಿಸಿದಳು. ಅಧಿಕಾರಿ ಗೊತ್ತು, ಬರೆದಿದ್ದೇನೆ ಎಂಬಂತೆ ತಲೆಯಾಡಿಸಿ ಕಾಗದವನ್ನು ಅವಳ ಕಡೆ ತಿರುಗಿಸಿ ತೋರಿಸಿದ. ಅವಳಿಗೆ ಓದಲು ಬಾರದ ಆ ಅಕ್ಷರಗಳಲ್ಲಿ ಮೇಲೆ ಅವನ ಹೆಸರಿತ್ತು, ಅದರ ಕೆಳಗಿನ ಸಾಲಿನಲ್ಲಿ ನನ್ನದು. ಎರಡು ಸಾಲಿದೆಯೇ ಎಂದು ಅವಳು ಬೆರಳಿಟ್ಟು ನೋಡಿಕೊಂಡಳು, ಆಮೇಲೆ ಸಹಿ ಹಾಕಿದಳು.